ಎರಡು ತಪ್ಪಲೆ ಸಾರು

"ನಿಮ್ಮ ಯಜಮಾನರಿಗೆ ಅಣ್ಣತಮ್ಮಂದಿರು ಯಾರಾದರೂ ಇದ್ದಾರೇನಮ್ಮ?" ಎಂದು ಡಾಕ್ಟರ್ ಗಿರಿಧರ ಕೇಳಿದಾಗ ನಾನು ಇಲ್ಲ ಎಂದೆ.

ಇದ್ದ. ಕಾಂತರಾಜು, ನನ್ನ ಮೈದುನ. ಕೊಣನೂರಿನ ಸಂತೆ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು, ಹೆಂಡತಿಯ ಕೈಲಿ ದಿನಾ ಬೆಳಿಗ್ಗೆ ಬೆಣ್ಣೆ ದೋಸೆ ಹುಯ್ಯಿಸಿಕೊಂಡು ತಿನ್ನುತ್ತಿದ್ದ. ಅವನಿಗೆ ಆಗ ಮೂವತ್ತೇಳು ವರ್ಷ. ನನ್ನ ಗಂಡ ಷಡಕ್ಷರಿ ಊಟದ ತಟ್ಟೆಯ ಮುಂದೆ ಎದೆ ಹಿಡಿದುಕೊಂಡು ಬಿದ್ದಾಗ ಅವರಿಗೂ ಮೂವತ್ತೇಳೇ.

ಡಾಕ್ಟರ ಮೇಜಿನ ಮೇಲೆ ನನ್ನ ಮಗಳು ಪ್ರೇಕ್ಷಾಳ ರಕ್ತದ ರಿಪೋರ್ಟು ಇತ್ತು. ಹಾಸನದಲ್ಲಿ ಅವಳು ಓದುತ್ತಿದ್ದ ಕಾಲೇಜಿನಲ್ಲಿ ಉಚಿತ ತಪಾಸಣೆ ಮಾಡಿದ್ದರು. ಹದಿನೇಳು ವರ್ಷದ ಹುಡುಗಿಗೆ ಕೊಲೆಸ್ಟ್ರಾಲು ಮುನ್ನೂರ ನಲವತ್ತೆಂಟು ಬಂದಿತ್ತು. ಮಿಷನ್ನು ಕೆಟ್ಟಿರಬೇಕು ಅಂದುಕೊಂಡು ಬೇರೆ ಕಡೆ ಮಾಡಿಸಿದೆ. ಅಲ್ಲೂ ಅಷ್ಟೇ. ಡಾಕ್ಟರು ಅವಳ ಹಿಮ್ಮಡಿಯ ಮೇಲಿನ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಅವಳನ್ನು ತೂಕ ನೋಡಿಸಲು ಹೊರಗೆ ಕಳಿಸಿ, ನನ್ನ ಕಡೆ ತಿರುಗಿದ್ದರು.

"ನಾವು ಮೊಟ್ಟೇನೂ ಮುಟ್ಟೋರಲ್ಲ ಸಾರ್," ಎಂದೆ.

"ಇದು ತಿಂದು ಬಂದದ್ದಲ್ಲಮ್ಮ. ರಕ್ತದಲ್ಲಿರೋ ಕೊಬ್ಬನ್ನ ಲಿವರು ಎಳ್ಕೊಂಡು ಖಾಲಿ ಮಾಡಬೇಕು. ಇವಳ ದೇಹ ಆ ಕೆಲಸವನ್ನ ಅರ್ಧಕ್ಕೆ ಬಿಡುತ್ತೆ, ಹುಟ್ಟಿದಾಗಿನಿಂದ. ಊಟದಿಂದ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು, ಅಷ್ಟೇ. ಅಪ್ಪನಿಂದ ಬಂದಿದೆ. ಅವರ ಹಿಮ್ಮಡಿ ದಪ್ಪಗಿತ್ತಾ?"

ಇತ್ತು. ಅವರು ಬೂಟಿನ ಹಿಂಭಾಗವನ್ನು ತುಳಿದು ಚಪ್ಪಲಿಯಂತೆ ಮಾಡಿಕೊಂಡು ಓಡಾಡುತ್ತಿದ್ದರು. ಕಣ್ಣಿನ ರೆಪ್ಪೆಯ ಮೇಲೆ ಅವರೆಕಾಳಿನ ಸಿಪ್ಪೆಯಷ್ಟು ಹಳದಿ ಗಂಟು ಇತ್ತು. ಅದನ್ನು ಅದೃಷ್ಟದ ಮಚ್ಚೆ ಅನ್ನುತ್ತಿದ್ದರು. ನಮ್ಮ ಮಾವ ದೊಡ್ಡಯ್ಯನವರು ನಲವತ್ತನಾಲ್ಕಕ್ಕೆ ಅಂಗಡಿಯ ಗಲ್ಲದ ಪೆಟ್ಟಿಗೆಯ ಮುಂದೆಯೇ ಕುಸಿದು ಸತ್ತದ್ದನ್ನೂ ಹೇಳಿದೆ.

"ಮಾತ್ರೆ ಬರ್ದಿದೀನಿ. ರಾತ್ರಿ ಒಂದೊಂದು, ತಪ್ಪಿಸೋ ಹಾಗಿಲ್ಲ. ಇವಳಿಗೆ ಏನೂ ಆಗಲ್ಲ, ಸರಿಯಾದ ಹೊತ್ತಿಗೆ ಗೊತ್ತಾಯ್ತು." ಆಮೇಲೆ ಅಣ್ಣತಮ್ಮಂದಿರ ಮಾತು ಕೇಳಿದರು. ನಾನು ಇಲ್ಲ ಎಂದರೂ ಒಂದು ಚೀಟಿ ಬರೆದರು. "ದಾಯಾದಿಗಳಾದರೂ ಇರ್ತಾರಲ್ಲ. ಒಡಹುಟ್ಟಿದವರಿದ್ದಿದ್ರೆ ಇಬ್ಬರಲ್ಲಿ ಒಬ್ಬರಿಗೆ ಇರೋ ಸಾಧ್ಯತೆ. ಯಾರಿಗಾದರೂ ಸರಿ, ಇದನ್ನ ತಲುಪಿಸಿ."

ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನಗೆ ಮಗಳ ಬಗ್ಗೆ ಭಯ ಇರಲಿಲ್ಲ; ಅವಳಿಗೆ ಮಾತ್ರೆ ಇತ್ತು. ಕಾಂತರಾಜುವಿಗೆ ಇಲ್ಲ ಅನ್ನುವುದೊಂದೇ ತಲೆಯಲ್ಲಿ ಓಡುತ್ತಿತ್ತು. ಸಂತೋಷ ಆಗುತ್ತಿತ್ತು ಅಂತಲೇ ಬರೆಯುತ್ತೇನೆ. ಬೇರೆ ಪದ ಹುಡುಕುವುದಿಲ್ಲ.

ಅವನು ಮಾಡಿದ್ದನ್ನು ಹೇಳಬೇಕು.

ನಾನು ನುಗ್ಗೇಹಳ್ಳಿಯವಳು. ಮದುವೆಯಾಗಿ ಕೊಣನೂರಿಗೆ ಬಂದ ಮೊದಲ ದಿನವೇ ಆ ಮನೆಯ ನಾಲಿಗೆ ಬೇರೆ ಅಂತ ತಿಳಿಯಿತು. ನಾನು ಮಾಡಿದ ಸಾರನ್ನು ಅತ್ತೆ ಕಾಮಾಕ್ಷಮ್ಮ ಬಾಯಿಗೆ ಬಿಟ್ಟುಕೊಂಡು, "ಇದೇನವ್ವ, ಅಕ್ಕಿ ತೊಳದ್ ನೀರಾ?" ಎಂದು ಒಂದು ಹಿಡಿ ಉಪ್ಪು ಸುರಿದರು. ಹಾಗಲಕಾಯಿಯನ್ನು ಅವರು ಉಪ್ಪಲ್ಲಿ ಹಿಂಡುತ್ತಿರಲಿಲ್ಲ, ಬೆಲ್ಲ ಹಾಕುತ್ತಿರಲಿಲ್ಲ, ಬದನೆಕಾಯಿಯ ಹಾಗೆ ಹೆಚ್ಚಿ ಬಾಡಿಸಿ ತಿನ್ನುತ್ತಿದ್ದರು. ಅತ್ತೆ, ಗಂಡ, ಮೈದುನ ಮೂವರೂ. ನನಗೆ ಅವರ ಸಾರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ತಿಂಗಳು ಮಜ್ಜಿಗೆಯಲ್ಲಿ ಮುದ್ದೆ ನುಂಗಿದ್ದನ್ನು ನೋಡಿ ಅತ್ತೆಯೇ ಹೇಳಿದರು: "ನಿಂಗೊಂದ್ ಸಣ್ ತಪ್ಪಲೇಲಿ ಎತ್ತಿಟ್ಕೊ ಕಣವ್ವ. ಆಮೇಲೆ ನಮ್ದುಕ್ಕೆ ನಾನ್ ಉಪ್ಪಾಕ್ಕತೀನಿ." ಏಳು ವರ್ಷ ಹಾಗೆಯೇ ನಡೆಯಿತು. ದೊಡ್ಡ ತಪ್ಪಲೆ ಮನೆಗೆ, ಚಿಕ್ಕದು ನನಗೆ.

ತೊಂಬತ್ತಮೂರರಲ್ಲಿ ಗಂಡ ಸತ್ತ ದಿನವೂ ಒಲೆಯ ಪಕ್ಕ ಎರಡು ತಪ್ಪಲೆ ಇದ್ದವು. ಹುರುಳಿಕಾಳಿನ ಬಸ್ಸಾರು. ಹೆಣವನ್ನು ಜಗಲಿಯಲ್ಲಿ ಕೂರಿಸಿದ್ದರು, ಬೀದಿಯೆಲ್ಲ ಸೇರಿತ್ತು. ಮೂವತ್ತೇಳಕ್ಕೆ ಗಟ್ಟಿಮುಟ್ಟಾದ ಗಂಡಸು ಯಾಕೆ ಸತ್ತ ಅಂತ ಎಲ್ಲರೂ ಕೇಳುತ್ತಿದ್ದರು. ಆಗ ಕಾಂತರಾಜು ಒಳಗೆ ಹೋಗಿ ಎರಡೂ ತಪ್ಪಲೆಗಳನ್ನು ತಂದು ಹೆಣದ ಪಕ್ಕ ಇಟ್ಟ.

"ನೋಡ್ರಪ್ಪ. ಅವ್ಳಿಗೆ ಬ್ಯಾರೆ, ನಮ್ಮಣ್ಣಂಗೆ ಬ್ಯಾರೆ. ಯಾಕೆ ಅಂತ ಕೇಳ್ರಿ."

ಎದುರು ಮನೆಯ ರುದ್ರಯ್ಯಮಾವ ಬೀದಿಗೆ ಹಿರಿಯರು. ಅವರು ಚಿಕ್ಕದರಲ್ಲಿ ಬೆರಳದ್ದಿ ನೆಕ್ಕಿ ತಲೆಯಾಡಿಸಿದರು. ದೊಡ್ಡದರಲ್ಲಿ ಅದ್ದಿ ನೆಕ್ಕಿ ಉಗಿದರು. "ಉಪ್ಪಿನ ಮಡು ಕಣಯ್ಯ ಇದು." ಅವರಾದ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಸಾವಿನ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಆ ದಿನ ಹತ್ತು ಹನ್ನೆರಡು ಜನ ನನ್ನ ಸಾರಿನ ರುಚಿ ನೋಡಿದರು.

ನಾನು ಅತ್ತೆಯ ಮುಖ ನೋಡಿದೆ. ಆ ಮಧ್ಯಾಹ್ನ ದೊಡ್ಡ ತಪ್ಪಲೆಗೆ ಉಪ್ಪು ಹಾಕಿದ್ದು ಅವರ ಕೈ. ಅವರು ನನ್ನನ್ನು ನೋಡಿದರು, ಜನರನ್ನು ನೋಡಿದರು, ಆಮೇಲೆ ಎದೆ ಬಡಿದುಕೊಂಡು ಅತ್ತರು. "ನನ್ ಮಗನ್ನ ಉಪ್ಪಾಕಿ ಕೊಂದ್ಬುಟ್ಲು."

ತಿಥಿ ಮುಗಿದ ಮಾರನೆಯ ದಿನ ಆರು ವರ್ಷದ ಪ್ರೇಕ್ಷಾಳನ್ನು ಕರೆದುಕೊಂಡು ಹೊರಟೆ. ಮಾತು ನನಗಿಂತ ಮುಂಚೆ ನುಗ್ಗೇಹಳ್ಳಿ ತಲುಪಿತ್ತು. ನನ್ನ ಅಣ್ಣನ ಹೆಂಡತಿ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. "ನೀನ್ ಕೂತ್ಕೊ, ದಣಿದ್ದೀಯ" ಅನ್ನುತ್ತಿದ್ದಳು, ಮೂರು ತಿಂಗಳಾದರೂ ಅದೇ ಮಾತು. ಮದುವೆ ಮನೆಗಳಲ್ಲಿ ಅಡಿಗೆಗೆ ಹೋಗೋಣ ಅಂದರೆ ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು, ಆ ಎರಡು ತಪ್ಪಲೆಯ ಹೆಂಗಸು ನೀನೇನಾ ಅಂತ. ಕೊನೆಗೆ ಹಾಸನದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ನಿಗೆ ನನ್ನ ಕಥೆ ಗೊತ್ತಿರಲಿಲ್ಲ, ಅದರಿಂದ ಕೆಲಸ ಸಿಕ್ಕಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತೊಂಬತ್ತು ಜನಕ್ಕೆ ಬೇಯಿಸಿ, ಅದರಲ್ಲೇ ಮಗಳನ್ನು ಓದಿಸಿದೆ. ಹನ್ನೆರಡು ವರ್ಷ. ಆ ಹುಡುಗಿಯರಲ್ಲಿ ಒಬ್ಬಳಿಗೂ ನನ್ನ ಅಡಿಗೆಯಿಂದ ಹೊಟ್ಟೆನೋವು ಬಂದದ್ದಿಲ್ಲ.

ರಿಪೋರ್ಟು ಬರುವುದಕ್ಕೆ ಸ್ವಲ್ಪ ಮುಂಚೆ ಪ್ರೇಕ್ಷಾ ಕಾಲೇಜಿನಿಂದ ಕಾಗದದ ಸಣ್ಣ ಪಟ್ಟಿಗಳನ್ನು ತಂದಿದ್ದಳು. "ಅಮ್ಮ, ನಾಲಿಗೆ ಮೇಲೆ ಇಡು" ಎಂದಳು. ಇಟ್ಟೆ. ಬೇವಿನ ಚಕ್ಕೆಯನ್ನು ಅರೆದು ಬಳಿದ ಹಾಗಿತ್ತು, ಬಚ್ಚಲಿಗೆ ಓಡಿದೆ. ಅವಳು ಇನ್ನೊಂದು ಪಟ್ಟಿಯನ್ನು ಬಾಯಲ್ಲಿಟ್ಟುಕೊಂಡು ಬಬಲ್‌ಗಮ್ಮಿನ ಹಾಗೆ ಅಗಿಯುತ್ತಾ ನಿಂತಿದ್ದಳು.

"ನಂಗೆ ಏನೂ ಇಲ್ಲ ಕಣಮ್ಮ. ಬರೀ ಕಾಗದ. ಕೆಲವರಿಗೆ ಇದರ ಕಹಿ ಗೊತ್ತಾಗೋದೇ ಇಲ್ವಂತೆ. ಹುಟ್ಟಿನಿಂದ ಬರೋದು. ಅಂಥವರಲ್ಲಿ ಕೆಲವರಿಗೆ ಉಪ್ಪು ಖಾರನೂ ಜಾಸ್ತಿ ಬೇಕಾಗ್ಬಹುದು ಅಂದ್ರು ಮೇಡಮ್ಮು. ನಾನು ಅಪ್ಪನ ಪಾರ್ಟಿ."

ನಾನು ನಗಲಿಲ್ಲ. ಏಳು ವರ್ಷ ಎರಡು ತಪ್ಪಲೆ ಯಾಕಿಟ್ಟೆ ಅನ್ನುವುದಕ್ಕೆ ಒಂದು ಬೆರಳಗಲದ ಕಾಗದ ಉತ್ತರ ಕೊಟ್ಟಿತ್ತು. ಉಳಿದ ಪಟ್ಟಿಗಳನ್ನು ಇಸಿದುಕೊಂಡು ಟ್ರಂಕಿನಲ್ಲಿಟ್ಟೆ. ಆಮೇಲೆ ಡಾಕ್ಟರ ಚೀಟಿಯೂ ಅದರ ಪಕ್ಕ ಸೇರಿತು.

ಮೇ ತಿಂಗಳಲ್ಲಿ ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಕಾಂತರಾಜುವನ್ನು ದೂರದಿಂದ ನೋಡಿದೆ. ಪಂಕ್ತಿಯಲ್ಲಿ ಕೂತು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಬಡಿಸುವವನು ಸಾಕೇ ಎಂದಾಗ ತಲೆಯೆತ್ತಿದ. ಎಡಗಣ್ಣಿನ ರೆಪ್ಪೆಯ ಮೇಲೆ ಹಳದಿ ಗಂಟು, ಅವರಣ್ಣನಿಗೆ ಇದ್ದ ಜಾಗದಲ್ಲೇ. ಇಬ್ಬರಲ್ಲಿ ಒಬ್ಬರು ಅಂದಿದ್ದರು ಡಾಕ್ಟರು. ಈ ಒಬ್ಬ ಯಾರು ಅಂತ ನನಗೆ ಗೊತ್ತಾಯಿತು. ಹಾಕಿಸ್ಕೊ, ಇನ್ನೂ ಹಾಕಿಸ್ಕೊ ಅಂದುಕೊಂಡೆ. ಕಂಬದ ಮರೆಯಲ್ಲಿ ನಿಂತು ಅವನ ಎಲೆ ಖಾಲಿಯಾಗುವವರೆಗೂ ನೋಡಿ ಬಂದೆ.

"ಚಿಕ್ಕಪ್ಪಂಗೆ ಇದನ್ನೆಲ್ಲ ಹೇಳ್ಬೇಕಲ್ವೇನಮ್ಮ?" ಎಂದು ಪ್ರೇಕ್ಷಾ ಒಂದು ಸಲ ಕೇಳಿದಳು.

"ಕಾಗದ ಬರ್ದಿದೀನಿ," ಎಂದೆ.

ಸೆಪ್ಟೆಂಬರಿನಲ್ಲಿ, ಮಧ್ಯಾಹ್ನದ ಪಾತ್ರೆಗಳು ಬಿದ್ದಿದ್ದ ಹೊತ್ತಿನಲ್ಲಿ, ಹಾಸ್ಟೆಲಿನ ಅಡಿಗೆಮನೆಯ ಬಾಗಿಲಿಗೆ ಶಿವಲೀಲಾ ಬಂದು ನಿಂತಳು. ಕಾಂತರಾಜುವಿನ ಹೆಂಡತಿ, ನನ್ನ ವಾರಗಿತ್ತಿ. ನನ್ನ ಗಂಡ ಸತ್ತ ಮೇಲೆ ಆ ಮನೆಗೆ ಸೊಸೆಯಾಗಿ ಬಂದವಳು. ನಾವಿಬ್ಬರೂ ಹತ್ತು ಮಾತು ಆಡಿದವರಲ್ಲ. ಕೂತುಕೊ ಎಂದರೆ ಕೂರಲಿಲ್ಲ.

"ಅಕ್ಕ, ಇವ್ರಿಗೆ ಮೂಟೆ ಎತ್ತುದ್ರೆ ಎದೆ ಇಡ್ಕಂತದೆ. ಗ್ಯಾಸು ಅಂತವ್ರೆ. ಅತ್ತೆ ನನ್ ಮ್ಯಾಲೆ ಸುರು ಅಚ್ಕಂಡವ್ರೆ."

"ಏನಂತ?"

"ನಿನ್ ಕೈ ಸರಿ ಇಲ್ಲ, ದೊಡ್ಡೋಳಂಗೇ ನೀನೂವೆ ಅಂತ. ಮನ್ನೆ ನಾನ್ ಮಾಡಿದ್ ಸಾರ್ನ ರುದ್ರಯ್ಯಮಾವಂಗೆ ಕೊಟ್ಟು ರುಚಿ ನೋಡ್ಸುದ್ರು." ಅವಳು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. "ತೆಪ್ಪು ತಿಳ್ಕಬ್ಯಾಡ ಅಕ್ಕ. ಆವತ್ತು ಸಾರಿಗೆ ನೀನ್ ಏನಾಕಿದ್ದೆ? ಅದೊಂದ್ ಯೋಳ್ಬುಡು. ನಾನ್ ಅದ್ನ ಆಕೋದ್ ಬುಟ್ಬುಡ್ತೀನಿ."

ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಹನ್ನೆರಡು ವರ್ಷ ಯಾರ್ಯಾರೋ ಹಿಂದಿನಿಂದ ಆಡಿದ್ದನ್ನು ಇವಳು ಮುಖದ ಮುಂದೆ, ಅದೂ ಸಹಾಯ ಕೇಳುವ ದನಿಯಲ್ಲಿ ಆಡಿದ್ದಳು. ಟ್ರಂಕು ಹಿಂದಿನ ಕೋಣೆಯಲ್ಲೇ ಇತ್ತು. ಚೀಟಿ ತಂದುಕೊಡಲು ಹತ್ತು ಹೆಜ್ಜೆ.

"ಹಿರಿಯರ ಹಬ್ಬಕ್ಕೆ ಬರ್ತೀನಿ," ಎಂದೆ. "ಎಡೆ ಇಡೋ ದಿನ ಬೀದಿಯವರೆಲ್ಲ ಜಗಲಿ ಮೇಲಿರಬೇಕು. ರುದ್ರಯ್ಯಮಾವ ಇರ್ಲೇಬೇಕು. ಏನ್ ಹಾಕಿದ್ದೆ ಅಂತ ಎಲ್ಲರ ಮುಂದೆ ಹೇಳ್ತೀನಿ."

"ಅದುಕ್ಕಿನ್ನೂ ಮೂರ್ ವಾರ ಅದೆ ಅಕ್ಕ. ಅಲ್ಲೀಗಂಟ ಇವ್ರಿಗೆ ಏನಾರ ಆದ್ರೆ?"

"ಆದ್ರೆ ಆಗ್ಲಿ. ನಿಮ್ಮತ್ತೆ ಹತ್ರ ಇನ್ನೊಂದು ತಪ್ಪಲೆ ಇದೆಯಲ್ಲ."

ಅವಳು ಅಳುತ್ತಾ ಹೋದಳು. ಆ ಮೂರು ವಾರ ಫೋನು ಬಡಿದುಕೊಂಡಾಗಲೆಲ್ಲ ಕೊಣನೂರಿನದೇ ಅಂದುಕೊಳ್ಳುತ್ತಿದ್ದೆ. ಅವನು ಸತ್ತುಹೋದರೆ ನನ್ನ ಮಾತು ಕೇಳಿಸಿಕೊಳ್ಳುವವನು ಇರುವುದಿಲ್ಲವಲ್ಲ ಅನ್ನುವುದೊಂದೇ ನನ್ನ ಆತಂಕವಾಗಿತ್ತು.

ಮಹಾಲಯ ಅಮಾವಾಸ್ಯೆಯ ದಿನ ಅರಕಲಗೂಡಿನ ಮೇಲೆ ಹೋಗುವ ಬೆಳಗಿನ ಬಸ್ಸು ಹಿಡಿದೆ. ಜಗಲಿಯ ಮೇಲೆ ಹದಿನೈದು ಇಪ್ಪತ್ತು ಜನ ಇದ್ದರು. ಶಿವಲೀಲಾ ಹೇಳಿದ ಹಾಗೆ ಮಾಡಿದ್ದಳು. ಒಳಗೆ ದೊಡ್ಡಯ್ಯನವರಿಗೂ ನನ್ನ ಗಂಡನಿಗೂ ಎಡೆ ಇಟ್ಟು, ಕಜ್ಜಾಯ, ವಡೆ, ಗಸಗಸೆ ಪಾಯಸ ಬಡಿಸಿದ್ದರು. ಕಾಂತರಾಜು ಕಂಬಕ್ಕೆ ಒರಗಿ ಕೂತಿದ್ದ. ಮುಖ ಬೂದಿಯಾಗಿತ್ತು.

"ಬಾ ಅತ್ಗೆ," ಎಂದ. "ಏನೋ ಯೋಳ್ತೀನಿ ಅಂದ್ಯಂತೆ."

"ಹೇಳೋಕೆ ಮುಂಚೆ ಎಲ್ಲ ಒಂದು ರುಚಿ ನೋಡ್ಬೇಕು. ಈ ಜಗಲಿ ಮೇಲೆ ರುಚಿ ನೋಡೋದು ನಿಮಗೆಲ್ಲ ಅಭ್ಯಾಸ ಇದೆಯಲ್ಲ."

ಪಟ್ಟಿಗಳನ್ನು ಹಂಚಿದೆ. ವಿಷ ಇರಬಹುದು ಅಂತ ಯಾರೂ ಬಾಯಿಗಿಡಲಿಲ್ಲ. ನಾನೇ ಮೊದಲು ಇಟ್ಟುಕೊಂಡು ಮುಖ ಕಿವಿಚಿದೆ. ಆಮೇಲೆ ರುದ್ರಯ್ಯಮಾವ ಇಟ್ಟುಕೊಂಡರು, ಎದ್ದುಹೋಗಿ ಚರಂಡಿಗೆ ಉಗಿದರು.

"ಥೂ, ಇದೇನ್ ಕಯ್ಯವ್ವ ಇದು. ನಾಲ್ಗೆ ಸತ್ತೋಯ್ತು."

ಶಿವಲೀಲಾಳೂ ಉಗಿದಳು. ಕಾಂತರಾಜು ಪಟ್ಟಿಯನ್ನು ಬಾಯೊಳಗೆ ಆ ಕಡೆ ಈ ಕಡೆ ಹೊರಳಿಸಿ ಅವರನ್ನು ನೋಡಿದ. "ಏನ್ ಕಯ್ಯಿ? ಬರೀ ಕಾಗ್ದ ಕಣ್ ಮಾವ. ನಾಟ್ಕ ಆಡ್ತಿದ್ದೀರಾ?" ಅತ್ತೆ ಆಗಲೇ ತಮ್ಮದನ್ನು ಅಗಿದು ನುಂಗಿದ್ದರು. "ಉಪ್ಪಿಲ್ಲ, ಉಳಿ ಇಲ್ಲ," ಎಂದರು. ಯಾರೋ ನಕ್ಕರು.

"ನಕ್ಕಿದ್ದು ಸಾಕು," ಎಂದೆ. "ಈ ಮನೆಯವರ ನಾಲಿಗೆ ಹೀಗೆ. ಹುಟ್ಟಿನಿಂದ ಬಂದಿದ್ದು, ನನ್ನ ಮಗಳಿಗೂ ಬಂದಿದೆ. ಅದಕ್ಕೇ ಇವರಿಗೆ ಒಂದು ತಪ್ಪಲೆ, ನನಗೊಂದು ತಪ್ಪಲೆ. ನಾಲಿಗೆಯಿಂದ ಯಾರೂ ಸಾಯಲ್ಲ. ಆದರೆ ಈ ಮನೇಲಿ ರಕ್ತದಲ್ಲಿ ಇನ್ನೊಂದು ಬಂದಿದೆ. ಅದರಿಂದ ನಿಮ್ಮಣ್ಣ ಸತ್ರು ಕಾಂತರಾಜು. ನನ್ನ ಮಗಳ ರಕ್ತದಲ್ಲೂ ಸಿಕ್ತು. ನಿನ್ನ ರೆಪ್ಪೆ ಮೇಲೆ ಕೂತಿದೆ ನೋಡ್ಕೊ."

ಅವನ ಕೈ ತಾನಾಗಿ ಕಣ್ಣಿಗೆ ಹೋಯಿತು.

"ಇದಕ್ಕೆ ಮಾತ್ರೆ ಇದೆ. ಯಾವ ಡಾಕ್ಟ್ರು, ಯಾವ ಪರೀಕ್ಷೆ ಅನ್ನೋದು ಈ ಚೀಟೀಲಿದೆ." ಚೀಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೆ, ಕೊಡಲಿಲ್ಲ. "ಆವತ್ತು ತಪ್ಪಲೆ ತಂದಿಟ್ಟ ಜಾಗದಲ್ಲೇ ನಿಂತ್ಕೊ. ನಮ್ಮತ್ತಿಗೆ ಕೈಯಿಂದ ನಮ್ಮಣ್ಣ ಸಾಯಲಿಲ್ಲ, ನಾನು ಸುಳ್ಳು ಹೇಳ್ದೆ ಅಂತ ಹೇಳು. ರುದ್ರಯ್ಯಮಾವಂಗೆ ಕಿವಿ ಮಂದ. ಗಟ್ಟಿಯಾಗಿ ಹೇಳು."

ಅವನು ಸುತ್ತಲೂ ನೋಡಿದ. ಅಂಗಡಿ ಮುಂದೆ ದಿನಾ ಕೈಮುಗಿಸಿಕೊಳ್ಳುವ ಗಂಡಸು. ಶಿವಲೀಲಾ ಬಾಗಿಲಲ್ಲೇ, "ಯೋಳ್ಬುಡ್ರಿ," ಎಂದಳು. ಅವನು ಎದ್ದು ನಿಂತು ಹೇಳಿದ. ಒಂದು ಪದವನ್ನೂ ಬಿಡದೆ ಹೇಳಿದ. ರುದ್ರಯ್ಯಮಾವ ತಲೆ ತಗ್ಗಿಸಿದರು. ಹನ್ನೆರಡು ವರ್ಷ ಕಾದದ್ದು ಅರ್ಧ ನಿಮಿಷದಲ್ಲಿ ಮುಗಿಯಿತು. ಅದು ಚೆನ್ನಾಗಿತ್ತು. ಇನ್ನೊಂದು ಸಲ ಹೇಳಿಸಬೇಕು ಅನ್ನಿಸಿತು.

ಚೀಟಿ ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು. ಅಂಗಡಿಯವನ ಕಣ್ಣು ಮೊದಲು ಹೋಗುವುದೇ ಅಂಕಿಗಳ ಮೇಲೆ.

"ಎಲ್ಡು, ಮೂರು, ಎಲ್ಡ್ ಸಾವ್ರದೈದು," ಎಂದು ಓದಿದ. ಮತ್ತೊಮ್ಮೆ ಓದಿದ. "ಮಾರ್ಚಿ ತಿಂಗ್ಳು. ಇದ್ನ ಮಾರ್ಚೀಲಿ ಬರ್ದವ್ರೆ. ಏಳ್ ತಿಂಗ್ಳಾಯ್ತು ಅತ್ಗೆ."

ತಲೆ ತಗ್ಗಿಸಿದ್ದ ರುದ್ರಯ್ಯಮಾವ ತಲೆಯೆತ್ತಿದರು. "ಏಳ್ ತಿಂಗ್ಳು ಗೊತ್ತಿದ್ದೂ ಸುಮ್ಗಿದ್ಯೇನವ್ವ? ಇವ್ನು ಸತ್ತೋಗಿದ್ರೆ?"

ಮಾಡದೆ ಇದ್ದದ್ದಕ್ಕೆ ಹನ್ನೆರಡು ವರ್ಷ ಅನ್ನಿಸಿಕೊಂಡಿದ್ದೆ. ಈಗ ಮಾಡಿದ್ದು ಎಲ್ಲರ ಮುಂದೆ ತಾರೀಖು ಸಮೇತ ಇತ್ತು. ಮರೆತುಹೋಗಿತ್ತು ಅನ್ನಬಹುದಿತ್ತು.

"ಗೊತ್ತಿತ್ತು ಮಾವ," ಎಂದೆ. "ಸಾಯ್ಲಿ ಅಂತಲೇ ಸುಮ್ನಿದ್ದೆ. ಇದಕ್ಕೆ ಬೇಕಾದ್ರೆ ಕೊಲೆಗಾತಿ ಅನ್ನಿ, ಒಪ್ಕೋತೀನಿ. ಆ ಸಾರಿಗೆ ಅನ್ನಬೇಡಿ."

ಕಾಂತರಾಜು ಚೀಟಿಯನ್ನು ಜೇಬಿಗೆ ಇಟ್ಟುಕೊಂಡು, ಮತ್ತೆ ತೆಗೆದು, ಬೇರೆ ಜೇಬಿಗೆ ಇಟ್ಟುಕೊಂಡ. "ನಾಳೆ ಎಷ್ಟೊತ್ತಿಗೆ ಸಿಗ್ತಾರೆ ಡಾಕ್ಟ್ರು?" ಎಂದು ನೆಲ ನೋಡಿಕೊಂಡು ಕೇಳಿದ.

"ಒಂಬತ್ತಕ್ಕೆ. ಖಾಲಿ ಹೊಟ್ಟೇಲಿ ಹೋಗ್ಬೇಕು. ಮೂಟೆ ಎತ್ಬೇಡ. ರಾತ್ರಿ ಎದೆ ಹಿಡ್ಕೊಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ಕಾರ್ ಮಾಡ್ಕೊಂಡ್ ಹೋಗು."

ಊಟಕ್ಕೆ ನಿಲ್ಲಲಿಲ್ಲ, ಯಾರೂ ನಿಲ್ಲಿಸಲೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ. ಡ್ರೈವರು ಟೀ ಕುಡಿಯುತ್ತಿದ್ದ. ಆಗ ಅತ್ತೆ ಬರುವುದು ಕಾಣಿಸಿತು. ಎಪ್ಪತ್ತರ ಹತ್ತಿರದ ಹೆಂಗಸು, ಕಾಲಿಗೆ ಚಪ್ಪಲಿ ಇಲ್ಲ. ಕಿಟಕಿಯ ಕೆಳಗೆ ನಿಂತು ಸರಳು ಹಿಡಿದುಕೊಂಡರು. ಸ್ವಲ್ಪ ಹೊತ್ತು ಉಸಿರಿಗೇ ಹೋಯಿತು.

"ನೀಲಾ. ಆವತ್ತು ಉಪ್ಪಾಕಿದ್ದು ನಾನು."

"ಗೊತ್ತು."

"ಇವ್ರಪ್ಪಂಗೂ ಅವ್ರು ಸತ್ ದಿನ ನಾನೇ ಬಡ್ಸಿದ್ದೆ. ಇನ್ನೊಂಚೂರ್ ಉಪ್ಪಾಕು ಅಂದ್ರು, ಆಕ್ದೆ. ಊಟ ಮಾಡಿ ಅಂಗ್ಡಿಗ್ ಓದೋರು, ಗಲ್ಲದ್ ಮುಂದೆ ಬಿದ್ದೋದ್ರು. ನಮ್ಮತ್ತೆ ಸಾಯೋಗಂಟ ನನ್ ಕೈನೀರು ಮುಟ್ನಿಲ್ಲ." ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ರಕ್ತ ರಕ್ತ ಅಂದ್ಯಲ್ಲ. ರಕ್ತ ಇರ್ಲಿ. ಆ ಉಪ್ಪಿಂದ ಏನೂ ಆಗಿಲ್ವಾ? ನಿಜ ಯೋಳು. ಇಬ್ರೂ ನನ್ ಕೈಯಿಂದ್ಲೇ ಓದ್ರಾ? ಡಾಕ್ಟ್ರನ್ನ ಕೇಳ್ದಾ?"

ಕೇಳಿದ್ದೆ. ಅಪ್ಪನಿಂದ ಬಂದಿದೆ ಎಂದು ಡಾಕ್ಟರು ಅಂದಾಗ ನಾನು ಮೊದಲು ಕೇಳಿದ್ದೇ ಅದನ್ನು, ಮಗಳಿಗೆ ಏನಾಗುತ್ತೆ ಅನ್ನುವುದಕ್ಕಿಂತಲೂ ಮುಂಚೆ. ಅವರು ಕನ್ನಡಕ ತೆಗೆದು, ಒಂದು ಹೊತ್ತಿನ ಸಾರಿನ ಉಪ್ಪಿಗೆ ಯಾರೂ ಸಾಯಲ್ಲಮ್ಮ, ಯಾರು ನಿಮ್ಮ ತಲೆಗೆ ತುಂಬಿದ್ದು ಅದನ್ನ, ಎಂದಿದ್ದರು. ಆ ರಾತ್ರಿ, ಮದುವೆಗೆ ಮುಂಚೆ ಹುಡುಗಿಯಾಗಿದ್ದಾಗ ಮಲಗುತ್ತಿದ್ದ ಹಾಗೆ ನಿಶ್ಚಿಂತೆಯಾಗಿ ಮಲಗಿದ್ದೆ.

ಅತ್ತೆ ಸರಳನ್ನು ಬಿಟ್ಟಿರಲಿಲ್ಲ. ಡ್ರೈವರು ಬಂದು ಬಾಗಿಲು ಎಳೆದುಕೊಂಡ.

"ಇಲ್ಲ ಅತ್ತೆ," ಎಂದೆ. "ಅದೊಂದು ಕೇಳಲಿಲ್ಲ."

ಬಸ್ಸು ಹೊರಟಿತು. ಅವರು ಕೈ ಬಿಡುವುದು ಸ್ವಲ್ಪ ತಡವಾಯಿತು, ನಾಲ್ಕು ಹೆಜ್ಜೆ ಜೊತೆಗೇ ಬಂದರು.